ಹೊಳೆಯಾಚೆಯ ನಿಲ್ದಾಣ: ಅನಗವಾಡಿ ಪರಿಸರದ ರೈಲು ಪ್ರಯಾಣ ಮತ್ತು ನದೀಪ್ರವಾಹ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿಗೆ ಸೇರಿದ ಅನಗವಾಡಿ ಘಟಪ್ರಭೆಯ ದಂಡೆಯ ಮೇಲಿನ ಊರು. ಹುಬ್ಬಳ್ಳಿಯಿಂದ ವಿಜಯಪುರದ ಮೂಲಕ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿ ಇಲ್ಲಿಯೇ ಘಟಪ್ರಭೆಯನ್ನು ದಾಟುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವಿನ ನೀಳವಾದ ಭೂಭಾಗದಲ್ಲಿ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳು ನೆಲೆಗೊಂಡಿವೆ. ನದಿಗಳೆರಡೂ ಚಿಕ್ಕಸಂಗಮದಲ್ಲಿ ಕೂಡುವುದರಿಂದ ಈ ಭೂಭಾಗ ಪೂರ್ವಕ್ಕೆ ಹೋದಂತೆ ಕಿರಿದಾಗುತ್ತ ಮೊನೆಯಾಗುತ್ತದೆ. ಆ ಮೊನೆಯಿಂದ ತುಸು ಮೇಲಕ್ಕೆ ಅನಗವಾಡಿಯ ದಾಟು ಇದೆ. ಈ ಪ್ರದೇಶದ ರೈಲು ಪ್ರಯಾಣದ ಇತಿಹಾಸವನ್ನು ಹಳಿಗಳಿಂದ ಆರಂಭಿಸಿದರೆ ಅದು ಅರ್ಧ ಇತಿಹಾಸವಾದೀತು. ಇಲ್ಲಿಯ ಪ್ರಯಾಣಿಕನಿಗೆ ರೈಲು ಮೊದಲಿನಿಂದಲೂ ಹೊಳೆಯಾಚೆಯ ವಸ್ತು.

ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗವನ್ನು ಸಂಚಾರಕ್ಕೆ ತೆರೆದದ್ದು 1884ರಲ್ಲಿ. 1876–78ರ ಭೀಕರ ಕ್ಷಾಮದಲ್ಲಿ ಈ ಸೀಮೆಗೆ ಧಾನ್ಯ ಸಾಗಿಸಲಾಗದೆ ಸರಕಾರ ಅನುಭವಿಸಿದ ಇಕ್ಕಟ್ಟೇ ಆ ಮಾರ್ಗದ ಹುಟ್ಟಿಗೆ ಮುಖ್ಯ ಕಾರಣ. ನೀರಿಲ್ಲದ ನಾಡಿಗಾಗಿ ಹಾಕಿದ ಹಳಿ ಮುಂದೆ ನೀರು ಹೆಚ್ಚಾದ ಕಾರಣಕ್ಕೆ ಸುದ್ದಿಯಾಗಬೇಕಾಯಿತೆಂಬುದು ವಿಚಿತ್ರ. ಪಶ್ಚಿಮದಲ್ಲಿ ಅದೇ ಕಂಪನಿಯ ಇನ್ನೊಂದು ಮಾರ್ಗ ಲೋಂಡಾದಿಂದ ಬೆಳಗಾವಿ, ಘಟಪ್ರಭಾ, ಕುಡಚಿ, ಮಿರಜಗಳನ್ನು ಹಾಯ್ದು 1890ರ ಹೊತ್ತಿಗೆ ಪುಣೆಯವರೆಗೆ ಕೂಡಿಕೊಂಡಿತು. ಹೀಗೆ ಎರಡು ನದಿಗಳ ನಡುವಿನ ನಾಡಿಗೆ ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು ಹಳಿ ಬಂದಿತು. ಜಮಖಂಡಿಯ ಪಟವರ್ಧನರ ಮತ್ತು ಮುಧೋಳದ ಘೋರ್ಪಡೆಯವರ ಸಂಸ್ಥಾನಗಳ ಒಡಲು ಮಾತ್ರ ಹಳಿಯಿಲ್ಲದೆ ಉಳಿಯಿತು.

ಪೂರ್ವದ ಮಾರ್ಗ ನದಿಗಳನ್ನು ದಾಟಿದ ಬಗೆ ವಿಶೇಷವಾಗಿ ಗಮನಾರ್ಹವಾದುದು. ಬಿಜಾಪುರದ ಕಡೆಯಿಂದ ಬರುವ ಹಳಿ ಆಲಮಟ್ಟಿಯ ಬಳಿ, ಅಂದರೆ ಘಟಪ್ರಭೆ ಈಗಾಗಲೇ ಕೃಷ್ಣೆಯನ್ನು ಕೂಡಿಕೊಂಡ ಮೇಲೆ, ಒಂದೇ ಸೇತುವೆಯಲ್ಲಿ ಎರಡೂ ನದಿಗಳ ನೀರನ್ನು ದಾಟಿ ಸೀತಿಮನಿಯ ಮೂಲಕ ಬಾಗಲಕೋಟೆಗೆ ಬರುತ್ತದೆ. ಬಾಗಲಕೋಟೆ ಘಟಪ್ರಭೆಯ ದಕ್ಷಿಣ ದಂಡೆಯ ಪಟ್ಟಣವಾದ್ದರಿಂದ ರೈಲಿಗೆ ಆ ನದಿಯನ್ನು ಬೇರೆಯಾಗಿ ದಾಟುವ ಗೊಡವೆಯೇ ಇಲ್ಲ. ಮುಂದೆ ಹೊಳೆಆಲೂರಿನ ಬಳಿ ಮಲಪ್ರಭೆಯೊಂದನ್ನು ದಾಟಿದರೆ ಗದಗಿನವರೆಗೆ ದೊಡ್ಡ ಹೊಳೆಯಿಲ್ಲ. ಹೆದ್ದಾರಿಯದು ಬೇರೆಯೇ ದಾರಿ. ಅದು ನರಗುಂದದ ಕಡೆ ಕೊಣ್ಣೂರಿನ ಬಳಿ ಮಲಪ್ರಭೆಯನ್ನು, ಅನಗವಾಡಿಯಲ್ಲಿ ಘಟಪ್ರಭೆಯನ್ನು, ಕೋಲ್ಹಾರದಲ್ಲಿ ಕೃಷ್ಣೆಯನ್ನು ಪ್ರತ್ಯೇಕವಾಗಿ ದಾಟಬೇಕು. ಸೇತುವೆ ಕಟ್ಟುವ ಇಂಜಿನಿಯರನ ದೃಷ್ಟಿಯಿಂದ ರೈಲ್ವೆಯ ಆಯ್ಕೆ ಜಾಣತನದ್ದು. ಆದರೆ ಸೇತುವೆಯ ಉಳಿತಾಯದ ಭಾರ ಬಿದ್ದದ್ದು ನಡುನಾಡಿನ ಪ್ರಯಾಣಿಕನ ಮೇಲೆ. ಬೀಳಗಿಯವನು ಬಾಗಲಕೋಟೆಯ ನಿಲ್ದಾಣ ಮುಟ್ಟಲು ರೈಲು ದಾಟದ ಹೊಳೆಯನ್ನು ತಾನೇ ದಾಟಬೇಕಾಯಿತು.

ಸೇತುವೆಗಳಿಲ್ಲದ ಕಾಲದಲ್ಲಿ ಈ ದಾಟು ಹರಿಗೋಲು ಮತ್ತು ನಾವೆಗಳನ್ನು ಅವಲಂಬಿಸಿತ್ತು. ಸಹ್ಯಾದ್ರಿಯಲ್ಲಿ ಹುಟ್ಟಿ 283 ಕಿ.ಮೀ. ಹರಿಯುವ ಘಟಪ್ರಭೆ ಬೇಸಗೆಯಲ್ಲಿ ಕಾಲ್ನಡಿಗೆಗೂ ದಾರಿ ಕೊಡುವಂತಹುದು. ಮುಂಗಾರಿನಲ್ಲಿ ಅದೇ ಹೊಳೆ ಅಂಬಿಗನನ್ನೂ ದಂಡೆಯಲ್ಲಿ ಕೂಡಿಸುತ್ತಿತ್ತು. ಇಲ್ಲಿ ಮಳೆಯಿಲ್ಲದೆ ಬಿಸಿಲು ಕಾಯುತ್ತಿರುವಾಗಲೂ ಘಟ್ಟದ ಮಳೆಯಿಂದ ಹೊಳೆ ಏರುವುದು ಈ ಸೀಮೆಯ ವಿಶೇಷ. ಹೀಗಾಗಿ ಆಕಾಶ ನೋಡಿ ಪ್ರಯಾಣ ನಿಶ್ಚಯಿಸುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಮೇಲಿನ ಸೀಮೆಯ ಸುದ್ದಿ ಬೇಕು. ರಬಕವಿ-ಬನಹಟ್ಟಿಯ ನೇಕಾರರ ಸ್ಥಿತಿ ಈ ವಿಷಯದಲ್ಲಿ ಸ್ವಲ್ಪ ಮೇಲು. ಕುಡಚಿ ಕೃಷ್ಣೆಯ ದಕ್ಷಿಣ ದಂಡೆಯಲ್ಲಿಯೇ ಇರುವುದರಿಂದ ಸೀರೆಯ ಗಂಟಿನೊಡನೆ ದೊಡ್ಡ ಹೊಳೆ ದಾಟದೆ ಆ ನಿಲ್ದಾಣ ಸೇರಬಹುದಾಗಿತ್ತು. ನದಿಯನ್ನು ದಾಟುವ ಹೊಣೆ ಅಲ್ಲಿ ರೈಲಿನದು: ಮಿರಜದ ಕಡೆಗೆ ಕೃಷ್ಣೆ, ಬೆಳಗಾವಿಯ ಕಡೆಗೆ ಘಟಪ್ರಭೆ.

ಸ್ವಾತಂತ್ರ್ಯಾನಂತರ ಈ ಚಿತ್ರವನ್ನು ಬದಲಿಸಿದ್ದು ಜಲಾಶಯಗಳು. ಮೇಲ್ಭಾಗದಲ್ಲಿ ಹಿಡಕಲ್ಲಿನ ಅಣೆಕಟ್ಟು ಘಟಪ್ರಭೆಯನ್ನು ತಡೆಯಿತು. ಕೆಳಭಾಗದಲ್ಲಿ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಜಲಾಶಯ ತಲೆಯೆತ್ತಿತು. 519.60 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ ನವನಗರ ಎದ್ದಿತು. ಕೋಲ್ಹಾರದಲ್ಲಿ ನದಿಯ ಬದಲು ಹಿನ್ನೀರಿನ ಕಡಲನ್ನೇ ದಾಟುವ ನೀಳ ಸೇತುವೆ ಬಂದಿತು. ಹರಿಯುವ ನೀರಿನ ನಾಡು ನಿಂತ ನೀರಿನ ನಾಡಾಯಿತು. ಘಟಪ್ರಭೆಯ ಪ್ರವಾಹ ಹಿಂದಿನಂತೆ ಬಂದಷ್ಟೇ ವೇಗದಲ್ಲಿ ಇಳಿದುಹೋಗಬೇಕೆಂದರೆ ಕೆಳಗೆ ಜಾಗ ತೆರವಾಗಿರಬೇಕು. ಆದ್ದರಿಂದ ಪ್ರಯಾಣಿಕನಿಗೆ ಈಗ ಎರಡು ಸುದ್ದಿಗಳು ಬೇಕಾದವು: ಹಿಡಕಲ್ಲಿನಿಂದ ಎಷ್ಟು ನೀರು ಬಿಟ್ಟಿದ್ದಾರೆ, ಆಲಮಟ್ಟಿಯಿಂದ ಎಷ್ಟು ಬಿಡುತ್ತಿದ್ದಾರೆ.

2005ರ ಮಹಾಪೂರ ಮಹಾರಾಷ್ಟ್ರದ ಮಳೆಯಿಂದ ಬಂದದ್ದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಪ್ರವಾಹದ ಸ್ವರೂಪವೇ ಬೇರೆ. ಅದು ಬಯಲುಸೀಮೆಯ ಮೇಲೆಯೇ ಸುರಿದ ಮಳೆ. 2019ರ ಆಗಸ್ಟಿನಲ್ಲಿ ಮೂರೂ ನದಿಗಳು ಏಕಕಾಲಕ್ಕೆ ಉಕ್ಕಿದವು. ಆಲಮಟ್ಟಿಯಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯೂಸೆಕ್ಸ್ ಮೀರಿತು. ಗೋಕಾಕದ ಲೋಳಸೂರ ಸೇತುವೆ ಮುಳುಗಿತು. ಮಲಪ್ರಭೆ ಕೊಣ್ಣೂರಿನಲ್ಲಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯನ್ನೇ ತಡೆಯಿತು. ಘಟಪ್ರಭೆ ತುಂಬಿದಾಗಲೆಲ್ಲ ಮುಧೋಳ–ಯಾದವಾಡ ಸೇತುವೆ ನೀರಿನಡಿ ಹೋಗುವುದು ಆ ಭಾಗದವರಿಗೆ ಪರಿಚಿತ ಸಂಗತಿ. ರೈಲ್ವೆಯ ಸೇತುವೆಗಳು ಎತ್ತರವಾಗಿರುತ್ತವೆ. ಅವುಗಳ ಕಂಬಗಳ ಮೇಲೆ ಅಪಾಯದ ಮಟ್ಟವನ್ನು ಗುರುತಿಸಿರುತ್ತಾರೆ. ಮಳೆಗಾಲದಲ್ಲಿ ಗಸ್ತಿನವರು ಹಳಿಯುದ್ದಕ್ಕೂ ನಡೆಯುತ್ತಾರೆ. ನೀರು ಗುರುತನ್ನು ಸಮೀಪಿಸಿದರೆ ವೇಗ ತಗ್ಗಿಸುತ್ತಾರೆ, ಮೀರಿದರೆ ಗಾಡಿ ನಿಲ್ಲಿಸುತ್ತಾರೆ. ರಸ್ತೆಯ ತಗ್ಗು ಸೇತುವೆಗಳಿಗೆ ಅಷ್ಟು ಕಾಲಾವಕಾಶವಿಲ್ಲ. ಆದಕಾರಣ ಈ ನಾಡಿನಲ್ಲಿ ರೈಲು ನಿಲ್ಲುವ ಮೊದಲೇ ರೈಲಿಗೆ ಹೋಗುವ ದಾರಿ ನಿಲ್ಲುತ್ತದೆ.

ದೂರದ ಹೊಳೆಗಳ ಪಾತ್ರವೂ ಸಣ್ಣದಲ್ಲ. ಜಮಖಂಡಿಯ ಕಡೆಯವರು ಮುಂಬಯಿಗೆ ಮಿರಜದಲ್ಲಿ ಗಾಡಿ ಹಿಡಿಯುವುದುಂಟು. 2019ರ ಜುಲೈ 27ರಂದು ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಉಲ್ಹಾಸ ನದಿಯ ನೀರಿನಲ್ಲಿ ಬದಲಾಪುರ–ವಾಂಗಣಿ ನಡುವೆ ಸಿಲುಕಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ಹೋದ ಗಾಡಿಯ ಡಬ್ಬಿಗಳೇ ತಿರುಗಿ ಬರುವ ಗಾಡಿಯಾಗುವುದರಿಂದ ಒಂದು ದಿಕ್ಕಿನ ತಡೆ ಮರುದಿಕ್ಕಿನ ಪ್ರಯಾಣಿಕನನ್ನೂ ಕಾಡುತ್ತದೆ. ಮುಂದಿನ ತಿಂಗಳು ಪಂಚಗಂಗೆಯ ಪ್ರವಾಹದಿಂದ ಮಿರಜ–ಕೊಲ್ಹಾಪುರ ಸಂಚಾರವೇ ನಿಂತಿತು. 2021ರ ಜುಲೈನಲ್ಲಿ ಚಿಪಳೂಣದ ವಾಶಿಷ್ಠಿ ನದಿ ಕೊಂಕಣ ಮಾರ್ಗವನ್ನು ಮುಚ್ಚಿಸಿದಾಗ, ಮಂಗಳೂರು–ಮುಂಬಯಿ ಗಾಡಿಯನ್ನು ಮಡಗಾಂವ, ಲೋಂಡಾ, ಮಿರಜಗಳ ಮೇಲೆ ತಿರುಗಿಸಲಾಯಿತು. ಅದು 23ರಂದು ದೂಧಸಾಗರ–ಸೋನಾಳಿ ನಡುವೆ ಗುಡ್ಡ ಕುಸಿದು ಹಳಿ ತಪ್ಪಿತು, ಅದೃಷ್ಟವಶಾತ್ ಜೀವಹಾನಿಯಾಗಲಿಲ್ಲ. ಬದಲಿ ಮಾರ್ಗವೆಂಬುದು ಅದೇ ಘಟ್ಟದ, ಅದೇ ಮಳೆಯ ಇನ್ನೊಂದು ಮಗ್ಗುಲು ಮಾತ್ರ.

ಇಲ್ಲೊಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾಗದು. ರೈಲ್ವೆಯು ಗಾಡಿಯನ್ನು ರದ್ದುಪಡಿಸಿದರೆ ಟಿಕೇಟಿನ ಪೂರ್ಣ ಹಣ ಹಿಂದಿರುಗುತ್ತದೆ. ಮೂರು ತಾಸಿಗಿಂತ ಹೆಚ್ಚು ತಡವಾಗಿ ಪ್ರಯಾಣ ಕೈಬಿಟ್ಟರೂ ಅದೇ ನಿಯಮ. ಬಾಗಲಕೋಟೆಯಿಂದ ಗಾಡಿ ಸಮಯಕ್ಕೆ ಸರಿಯಾಗಿ ಹೊರಟು, ಪ್ರಯಾಣಿಕ ಮಾತ್ರ ಘಟಪ್ರಭೆಯ ಉತ್ತರ ದಂಡೆಯಲ್ಲಿ ಉಳಿದರೆ ಆ ಹಕ್ಕು ಅವನಿಗಿಲ್ಲ. ಪರೀಕ್ಷೆಗೆ, ಆಸ್ಪತ್ರೆಗೆ, ಕೂಲಿಗೆ ಹೊರಟವನ ನಷ್ಟ ಹಣದಲ್ಲಿ ಮುಗಿಯುವುದೂ ಇಲ್ಲ. ರೈಲ್ವೆಯ ಕಡತದಲ್ಲಿ ಅಂದಿನ ಗಾಡಿ ಸುಸೂತ್ರವಾಗಿ ಓಡಿದ ಗಾಡಿ. ಹೊಳೆ ದಾಟಲಾಗದವನು ಯಾವ ಪ್ರವಾಹದ ಲೆಕ್ಕದಲ್ಲೂ ಸೇರುವುದಿಲ್ಲ.

ನಡುನಾಡಿಗೆ ಹಳಿ ಬೇಕೆಂಬ ಹಳೆಯ ಬೇಡಿಕೆಗೆ 2010–11ರಲ್ಲಿ 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗದ ಮಂಜೂರಾತಿ ಉತ್ತರವಾಗಿ ಬಂದಿತು. ರಾಜ್ಯ ಸರಕಾರವೂ ವೆಚ್ಚದಲ್ಲಿ ಪಾಲುದಾರನಾದ ಈ ಕಾಮಗಾರಿಯಲ್ಲಿ ಮೊದಲು ಸಿದ್ಧವಾದದ್ದು ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಅದು ಪೂರ್ಣವಾಗಿ ಘಟಪ್ರಭೆಯ ದಕ್ಷಿಣಕ್ಕಿದೆ. ಲೋಕಾಪುರದಿಂದ ಮುಧೋಳದ ಕಡೆಗೆ ಹೊರಳುವಲ್ಲಿ ಹಳಿಯೂ ಘಟಪ್ರಭೆಯನ್ನು ದಾಟಬೇಕು; ಆ ಸೇತುವೆಯ ಮೇಲೆ ಗಾಡಿ ಓಡಿದ ದಿನ ಮುಧೋಳ, ಜಮಖಂಡಿಗಳ ಪ್ರಯಾಣಿಕನು ಹೊಳೆ ದಾಟುವ ಹೊಣೆಯನ್ನು ರೈಲಿಗೆ ಒಪ್ಪಿಸಬಲ್ಲನು. ಇತ್ತ 2010ರ ನ್ಯಾಯಾಧಿಕರಣದ ತೀರ್ಪು ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿಸಿದ್ದು, ಹಿನ್ನೀರು ಇನ್ನಷ್ಟು ಮೇಲಕ್ಕೆ ಸರಿಯಲಿದೆ. ಹೊಸ ಹಳಿ ಅನಗವಾಡಿಯನ್ನು ಮುಟ್ಟುವುದಿಲ್ಲ. ಬೀಳಗಿಯ ಕಡೆಯ ಬಸ್ಸು ಬಾಗಲಕೋಟೆಯ ನಿಲ್ದಾಣಕ್ಕೆ ಹೋಗುವಾಗ ಅನಗವಾಡಿಯ ಸೇತುವೆಯನ್ನೇ ದಾಟಿ, ಗದ್ದನಕೇರಿಯಲ್ಲಿ ಹೊರಳುತ್ತದೆ.