ಮಿದುಳಿನ ಪುಟ್ಟ ಕಾವಲುಗಾರರು



ನಾನು ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ತರಗತಿಯ ಜಾಣ ಹುಡುಗನೊಬ್ಬ ಕ್ರಮೇಣ ಯಾರೊಡನೆಯೂ ಬೆರೆಯದಾದ. ಕಣ್ಣಿಗೆ ಕಾಣದ ಯಾರೋ ತನ್ನನ್ನು ಬೈಯುತ್ತಿದ್ದಾರೆ ಎನ್ನತೊಡಗಿದ. ವೈದ್ಯರು ಇದು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಎಂದರು. ನೆರೆಹೊರೆಯವರು ಮಾತ್ರ 'ತಾಯಿ ಬೆಳೆಸಿದ ರೀತಿಯೇ ಸರಿಯಿಲ್ಲ' ಎಂದು ತೀರ್ಪು ಕೊಟ್ಟರು.

ಹೀಗೆ ಹೇಳಿದವರು ಅವರಷ್ಟೇ ಅಲ್ಲ. 1948ರಲ್ಲಿ ಅಮೆರಿಕದಲ್ಲಿದ್ದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್, ಮಕ್ಕಳಿಗೆ ಈ ಕಾಯಿಲೆ ತರುವ ತಾಯಿ ಎಂಬ ಅರ್ಥದ ಪದವನ್ನೇ ಬಳಕೆಗೆ ತಂದರು. 1966ರಲ್ಲಿ ಲೆನಾರ್ಡ್ ಹೆಸ್ಟನ್ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಕಾಯಿಲೆಯಿದ್ದ ತಾಯಂದಿರಿಗೆ ಹುಟ್ಟಿ, ಎಳೆತನದಲ್ಲೇ ಅವರಿಂದ ದೂರವಾಗಿ ಬೆಳೆದ 47 ಮಂದಿಯಲ್ಲಿ 5 ಮಂದಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಕಾಯಿಲೆಯಿಲ್ಲದ ತಾಯಂದಿರಿಗೆ ಹುಟ್ಟಿ, ಹಾಗೆಯೇ ದೂರ ಬೆಳೆದ 50 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಅಂದರೆ ಹುಟ್ಟಿನೊಡನೆ ಬಂದ ಏನೋ ಒಂದು ಇಲ್ಲಿ ಕೆಲಸ ಮಾಡುತ್ತಿತ್ತು. ಅದೇನು?

ಉತ್ತರದ ಒಂದು ಎಳೆ ಸಿಗುವುದು 1919ರ ಸ್ಪೇನ್ ದೇಶದಲ್ಲಿ. ಮ್ಯಾಡ್ರಿಡ್ ನಗರದ ವಿಜ್ಞಾನಿ ಪಿಯೋ ದೆಲ್ ರಿಯೋ ಒರ್ತೇಗಾ ಮಿದುಳಿನ ತೆಳುವಾದ ಚೂರುಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನರಕೋಶಗಳ ನಡುವೆ ಕವಲೊಡೆದ ಪುಟ್ಟ ಜೀವಕೋಶಗಳು ಕಂಡವು. ಅವಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು. ಪೆಟ್ಟಾದಲ್ಲಿಗೆ ಸರಿದು ಹೋಗಿ ಕಸವನ್ನು ನುಂಗಿಹಾಕುವ ಇವು ಮಿದುಳಿನ ರೋಗನಿರೋಧಕ ಕೋಶಗಳು, ಕಾವಲುಗಾರರು. ಬಹುಕಾಲ ಇವುಗಳ ಕೆಲಸ ಅಷ್ಟೇ ಎಂದು ತಿಳಿಯಲಾಗಿತ್ತು.

ಈ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಮಗುವಿನ ಮಿದುಳಿನಲ್ಲಿ ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳಿರುತ್ತವೆ, ಹದಿಹರೆಯದ ಹೊತ್ತಿಗೆ ಅವು ಕಡಿಮೆಯಾಗುತ್ತವೆ ಎಂದು 1979ರಲ್ಲಿ ಪೀಟರ್ ಹಟ್ಟನ್‌ಲೋಕರ್ ತೋರಿಸಿದರು. ಒತ್ತಾಗಿ ಬಂದ ರಾಗಿ ಪೈರನ್ನು ರೈತ ತೆಳುವು ಮಾಡುವುದಿಲ್ಲವೇ, ಹಾಗೆ! ಸ್ಕಿಜೋಫ್ರೇನಿಯಾ ಹೆಚ್ಚಾಗಿ ತಲೆದೋರುವುದೂ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಈ ತೆಳುವು ಮಾಡುವ ಕೆಲಸ ಹದ ತಪ್ಪಿದರೆ ಕಾಯಿಲೆ ಬರಬಹುದೇ ಎಂದು 1982ರಲ್ಲಿ ಅರ್ವಿನ್ ಫೈನ್‌ಬರ್ಗ್ ಊಹಿಸಿದರು.

ಪೈರು ಕೀಳುವ ಕೈ ಯಾರದು? ಎಳೆಯ ಇಲಿಗಳಲ್ಲಿ ಮೈಕ್ರೋಗ್ಲಿಯಾಗಳೇ ಈ ಸಂಪರ್ಕಗಳನ್ನು ನುಂಗುತ್ತವೆ ಎಂದು 2012ರಲ್ಲಿ ಬಾಸ್ಟನ್ನಿನ ಬೆತ್ ಸ್ಟೀವನ್ಸ್ ತಂಡ ತೋರಿಸಿತು. 2016ರಲ್ಲಿ ಸ್ಟೀವನ್ ಮ್ಯಾಕ್‌ಕ್ಯಾರಲ್ ತಂಡ ಸುಮಾರು 65,000 ಜನರ ವಂಶವಾಹಿಗಳನ್ನು ಪರಿಶೀಲಿಸಿತು. ಸಿ4 ಎಂಬ ರೋಗನಿರೋಧಕ ಪ್ರೋಟೀನಿನ ವಂಶವಾಹಿಯ ಕೆಲವು ರೂಪಗಳಿದ್ದವರಲ್ಲಿ ಕಾಯಿಲೆಯ ಸಂಭವ ತುಸು ಹೆಚ್ಚಿತ್ತು. ಇಲಿಗಳಲ್ಲಿ ಸಂಪರ್ಕಗಳನ್ನು ಕಡಿಮೆ ಮಾಡಲು ಇದೇ ಸಿ4 ನೆರವಾಗುತ್ತಿತ್ತು.

ಆದರೆ ಅವಸರ ಬೇಡ. ಸಿ4 ನೂರಾರು ಕಾರಣಗಳಲ್ಲಿ ಒಂದು ಮಾತ್ರ. ಮೈಕ್ರೋಗ್ಲಿಯಾಗಳ ಆರ್ಭಟವನ್ನು ತಗ್ಗಿಸಬಹುದೆಂದು ಭಾವಿಸಿದ್ದ ಮಿನೋಸೈಕ್ಲಿನ್ ಔಷಧವನ್ನು ಬ್ರಿಟನ್ನಿನಲ್ಲಿ 207 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಿದರು. ಪ್ರಯೋಜನ ಕಾಣಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಹುಡುಕಾಟ ಇನ್ನೂ ನಡೆದಿದೆ.

ಮಿತ್ರರೇ, ಈ ಕಾಯಿಲೆ ಎದುರಾಗುವುದು ನಿಮ್ಮದೇ ವಯಸ್ಸಿನವರಿಗೆ. ನಿಮ್ಮ ಗೆಳೆಯನೊಬ್ಬ ಹಾಗಾದರೆ ದೂರ ಸರಿಯಬೇಡಿ, ಮನೆಯವರನ್ನು ದೂರಬೇಡಿ. ವೈದ್ಯರ ಬಳಿಗೆ ಹೋಗಲು ಜೊತೆಯಾಗಿ. ನನ್ನ ಸಹಪಾಠಿ ಚಿಕಿತ್ಸೆ ಪಡೆದು ಈಗ ಕೆಲಸದಲ್ಲಿದ್ದಾನೆ. ಆದರೆ ಅವನ ತಾಯಿಯ ಬಳಿ ಹೋಗಿ, 'ಅಮ್ಮಾ, ತಪ್ಪು ನಿಮ್ಮದಲ್ಲ' ಎಂದು ಅಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನೀವು ಹೇಳಿ.