ಒಂದೇ ಅಡುಗೆಮನೆ, ಎರಡು ಬೋರ್ಡು: ಬಾಂಬೆ ಹೌಸ್‌ನ ಜಾಗ್ವಾರ್ ಲೆಕ್ಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಎಂದಿನಂತೆ ಮಾತಿನ ಬರಹರೂಪ, ಸ್ವಲ್ಪ ತಿದ್ದಿ ಹಾಕಿದ್ದೇನೆ.

ಮುಂಬೈ ಫೋರ್ಟ್‌ನಲ್ಲಿ, ಫ್ಲೋರಾ ಫೌಂಟನ್ ಹತ್ತಿರ, ಹೋಮಿ ಮೋದಿ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಅಲ್ಲಿ 24ನೇ ನಂಬರಿನ ಕಟ್ಟಡ ಬಾಂಬೆ ಹೌಸ್. 1924ರದ್ದು, ಗೇಟ್‌ವೇ ಆಫ್ ಇಂಡಿಯಾದ ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್ ಅವರದ್ದೇ ನಕ್ಷೆ. ಬೀದಿನಾಯಿಗಳಿಗೆ ಒಳಗೆ ಜಾಗ ಕೊಟ್ಟ ಆಫೀಸು ಅಂತ ಈಗ ಹೆಚ್ಚು ಜನಕ್ಕೆ ಗೊತ್ತು. ಆದರೆ 2008ರ ಜೂನ್‌ನಿಂದ ಬ್ರಿಟನ್ನಿನ ಎರಡು ಹಳೇ ಕಾರುಗಳ ಹಣೆಬರಹ ಈ ವಿಳಾಸಕ್ಕೆ ಸೇರಿದೆ. ಅಕ್ಕ ಜಾಗ್ವಾರ್‌ಗೆ ಹೆಸರಿದೆ, ತಂಗಿ ಲ್ಯಾಂಡ್ ರೋವರ್‌ಗೆ ದುಡಿಮೆ ಇದೆ. ಸೊರಗುತ್ತಿರೋ ಅಕ್ಕನನ್ನ ಸಾಕಬೇಕಾ? ಸಾಕೋದಾದ್ರೆ ತಂಗಿಗಿಂತ ಬೇರೆ ಅಂತ ತೋರಿಸೋದು ಹೇಗೆ? (ಫೋರ್ಡ್‌ನವರು ರತನ್ ಟಾಟಾಗೆ ಅವಮಾನ ಮಾಡಿದರು, ಅವರು ಸೇಡು ತೀರಿಸಿಕೊಂಡರು ಅನ್ನೋ ಕಥೆ ವಾಟ್ಸಾಪ್‌ನಲ್ಲಿ ನೂರು ಸಲ ಓದಿರ್ತೀರಿ. ಅದನ್ನ ಇಲ್ಲಿ ಬಿಟ್ಟುಬಿಡೋಣ.)

ಈ ಪ್ರಶ್ನೆಗೆ ಹಳೇ ಉದಾಹರಣೆ ಜಾಗ್ವಾರ್ ಮನೆಯಲ್ಲೇ ಇದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಡೈಮ್ಲರ್ ಅಂತ ಕಂಪನಿ ಇತ್ತು. ಹೆಸರಿನ ಮೂಲ ಜರ್ಮನಿಯದ್ದಾದರೂ ಇದು ಮರ್ಸಿಡಿಸ್‌ನವರ ಕಂಪನಿ ಅಲ್ಲ. 1900ರಿಂದ ಸುಮಾರು ಅರ್ಧ ಶತಮಾನ ಬ್ರಿಟಿಷ್ ರಾಜಮನೆತನ ಓಡಾಡಿದ್ದು ಇದೇ ಕಾರಿನಲ್ಲಿ. 1960ರಲ್ಲಿ ಜಾಗ್ವಾರ್‌ನ ವಿಲಿಯಂ ಲಯನ್ಸ್ ಅದನ್ನ ಕೊಂಡರು. ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಕಾರ್ಖಾನೆಯ ಜಾಗ. ಹೆಸರನ್ನೂ ಬಿಡಲಿಲ್ಲ. 1966ರ ಡೈಮ್ಲರ್ ಸಾವರಿನ್ ನೋಡಿ: ಅದು ಜಾಗ್ವಾರ್ 420ಯೇ, ಮೂತಿಯ ಜಾಲರಿ ಬೇರೆ, ಬೆಲೆ ಹೆಚ್ಚು. ದೊಡ್ಡ ಲಿಮೊಸಿನ್ ಒಂದನ್ನ ಬಿಟ್ಟರೆ ಆಮೇಲೆ ಬಂದದ್ದೆಲ್ಲ ಹೀಗೇ. ಒಂದೇ ಅಡುಗೆಮನೆ, ಬೀದಿ ಕಡೆಗೆ ಎರಡು ಬೋರ್ಡು. ಸಾಂಬಾರು ಒಂದೇ ಅಂತ ಗಿರಾಕಿಗೆ ಎಷ್ಟು ದಿನ ಗೊತ್ತಾಗದೆ ಇರುತ್ತೆ?

ಮುಂದೆ ಜಾಗ್ವಾರ್‌ಗೇ ಆ ಸರದಿ ಬಂತು. ಫೋರ್ಡ್ 1989ರಲ್ಲಿ ಸುಮಾರು 250 ಕೋಟಿ ಡಾಲರ್ ಕೊಟ್ಟು ಅದನ್ನ ಕೊಂಡಿತು. 2000ದಲ್ಲಿ ಬಿಎಂಡಬ್ಲ್ಯೂ ಕೈಯಿಂದ ಲ್ಯಾಂಡ್ ರೋವರನ್ನೂ ತಗೊಂಡಿತು. 2001ರಲ್ಲಿ ಬಂದದ್ದು ಎಕ್ಸ್-ಟೈಪ್. ಅದರ ಬುನಾದಿ ಫೋರ್ಡ್ ಮೊಂಡಿಯೊ. ವರ್ಷಕ್ಕೆ 1 ಲಕ್ಷ ಮಾರಬೇಕು ಅನ್ನೋ ಗುರಿ. ಅತಿ ಹೆಚ್ಚು ಮಾರಿದ ವರ್ಷವೂ ಅದರ ಅರ್ಧದ ಆಸುಪಾಸು. ನಾನು ಸಾಫ್ಟ್‌ವೇರಿನವನು. ಒಂದೇ ಕೋಡ್‌ಬೇಸ್ ಮೇಲೆ ಎರಡು ಆ್ಯಪ್ ಮಾಡೋದು ತಪ್ಪು ಅಂತ ಹೇಳಲ್ಲ, ನಾವೂ ಮಾಡ್ತೀವಿ. ಆದರೆ ದುಬಾರಿ ಆ್ಯಪ್ ತೆರೆದಾಗ ಅಗ್ಗದ್ದರ ಬಟನ್ನೇ ಕಂಡರೆ ದುಡ್ಡು ಕೊಟ್ಟವನು ಬೈತಾನೆ. 2008ರಲ್ಲಿ ಫೋರ್ಡ್ ಎರಡನ್ನೂ ಸೇರಿಸಿ ಟಾಟಾ ಮೋಟಾರ್ಸ್‌ಗೆ ಮಾರಿದ ಬೆಲೆ 230 ಕೋಟಿ ಡಾಲರ್, ಅಂದರೆ ಜಾಗ್ವಾರ್ ಒಂದಕ್ಕೇ ಕೊಟ್ಟಿದ್ದಕ್ಕಿಂತ ಕಡಿಮೆ.

ಟಾಟಾಗೆ ಸುಗ್ಗಿ ಏನೂ ಇರಲಿಲ್ಲ. ಕೊಳ್ಳೋಕೆ ಮಾಡಿದ್ದು 300 ಕೋಟಿ ಡಾಲರಿನ ಸಾಲ, ಕೆಲವೇ ತಿಂಗಳಲ್ಲಿ ಲೀಮನ್ ಬ್ರದರ್ಸ್ ಮುಳುಗಿತು, ಆ ಹಣಕಾಸು ವರ್ಷದ ಒಟ್ಟು ನಷ್ಟ 2,500 ಕೋಟಿ ರೂಪಾಯಿ ದಾಟಿತು. ಅಕ್ಕನನ್ನ ಮಾರಿಬಿಡಿ ಅನ್ನೋಕೆ ಕಾರಣಗಳಿಗೇನೂ ಬರ ಇರಲಿಲ್ಲ.

ಮಾರದೆ ಇದ್ದದ್ದು ಸರಿ ಅಂತ ನನ್ನ ಅಭಿಪ್ರಾಯ. ಯಾಕೆ ಅಂದ್ರೆ, ಜಾಗ್ವಾರ್‌ನ ದುಡಿಮೆ ಜಾಗ್ವಾರ್‌ನ ಖಾತೆಯಲ್ಲಿ ಪೂರ್ತಿ ಕಾಣಲ್ಲ. 2003ರ ಎಕ್ಸ್‌ಜೆಗೆ ಅವರು ಅಲ್ಯೂಮಿನಿಯಂ ಮೈ ಕೊಟ್ಟಿದ್ದರು. ತಗಡುಗಳನ್ನ ಬೆಸುಗೆ ಹಾಕದೆ ರಿವೆಟ್, ಅಂಟು ಬಳಸಿ ಕೂಡಿಸೋ ವಿದ್ಯೆ. ಆ ಅನುಭವದ ಮೇಲೇ 2012ರಲ್ಲಿ ರೇಂಜ್ ರೋವರ್ ಪೂರ್ತಿ ಅಲ್ಯೂಮಿನಿಯಂ ಮೈಯಲ್ಲಿ ಬಂದು ನೂರಾರು ಕಿಲೋ ತೂಕ ಇಳಿಸಿಕೊಂಡಿತು. ಅಕ್ಕ ಕಲಿತಳು, ತಂಗಿ ಸಂಬಳ ತಂದಳು. ಬರೀ ಮಾರಾಟದ ಪಟ್ಟಿ ನೋಡಿ ಅಕ್ಕ ದಂಡ ಅಂದರೆ ಅನ್ಯಾಯ ಆಗುತ್ತೆ.

ಎಡವಿದ್ದು ಬೇರೆ ಕಡೆ. ಜಾಗ್ವಾರನ್ನ ದೊಡ್ಡ ಸಂಖ್ಯೆಯ ಬ್ರ್ಯಾಂಡ್ ಮಾಡೋಕೆ ಹೋದರು. 2015ರಲ್ಲಿ ಎಕ್ಸ್‌ಇ ಬಂತು, ಎದುರಾಳಿ ಬಿಎಂಡಬ್ಲ್ಯೂ 3 ಸೀರೀಸ್. ಅಷ್ಟು ಹೊತ್ತಿಗೆ ಜನ ಸೆಡಾನ್ ಬಿಟ್ಟು ಎಸ್‌ಯುವಿ ಹತ್ತುತ್ತಿದ್ದರು. ಸರಿ, 2016ರಲ್ಲಿ ಎಫ್-ಪೇಸ್ ಅನ್ನೋ ಎಸ್‌ಯುವಿ, ಚೆನ್ನಾಗೇ ಓಡಿತು. ಮರುವರ್ಷ ಅದೇ ಬುನಾದಿ ಮೇಲೆ, ಅದೇ ಸಾಲಿಹಲ್ ಕಾರ್ಖಾನೆಯಿಂದ ರೇಂಜ್ ರೋವರ್ ವೆಲಾರ್ ಬಂದು ಒಂದೇ ಶೋರೂಮಿನಲ್ಲಿ ಪಕ್ಕಕ್ಕೇ ನಿಂತಿತು. ಎಸ್‌ಯುವಿ ಬೇಕು ಅಂತ ಬಂದವನಿಗೆ ರೇಂಜ್ ರೋವರ್ ಅನ್ನೋ ಹೆಸರೇ ಸಾಕಲ್ವಾ? ಫೋರ್ಡ್‌ನವರ ಹಾಗೆ ಅಗ್ಗದ ಕಾರಿಗೆ ಜಾಗ್ವಾರ್ ಮುಖ ಹಚ್ಚಲಿಲ್ಲ, ಒಪ್ಪೋಣ. ಆದರೆ ಗಿರಾಕಿಯ ಎದುರು ಅಕ್ಕತಂಗಿ ಒಂದೇ ಕೆಲಸಕ್ಕೆ ನಿಂತರು.

2018ರಲ್ಲಿ ಸುಮಾರು 1 ಲಕ್ಷ 80 ಸಾವಿರ ಇದ್ದ ಜಾಗ್ವಾರ್ ಮಾರಾಟ 2024-25ಕ್ಕೆ 27 ಸಾವಿರದ ಒಳಗೆ ಬಂತು. ಈ ಕೊನೆಯ ಅಂಕಿಯನ್ನ ಹಿಡ್ಕೊಂಡು ಗೇಲಿ ಮಾಡೋರು ಒಂದು ವಿಷಯ ಮರೀತಾರೆ: ಹೊಸ ಎಲೆಕ್ಟ್ರಿಕ್ ಅವತಾರಕ್ಕೋಸ್ಕರ ಹಳೇ ಮಾಡೆಲ್‌ಗಳನ್ನ ಕಂಪನಿಯೇ ನಿಲ್ಲಿಸುತ್ತಾ ಬಂದಿತ್ತು. 2024ರ ನವೆಂಬರ್‌ನಲ್ಲಿ ಹೊಸ ಲೋಗೋ ಮತ್ತು ಕಾರೇ ಇಲ್ಲದ ಆ ಜಾಹೀರಾತು ಬಂತು, ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ಟೈಪ್ 00 ತೋರಿಸಿದರು. ಜಾಹೀರಾತು ನನಗೂ ಹಿಡಿಸಲಿಲ್ಲ. ಆದರೆ ಹಿಂದಿನ ಲೆಕ್ಕಾಚಾರ ಸರಿ: ಕಡಿಮೆ ಕಾರು, 1 ಲಕ್ಷ ಪೌಂಡಿಗೂ ಮೀರಿದ ಬೆಲೆ, ರೇಂಜ್ ರೋವರ್ ಜೊತೆ ಹಂಚಿಕೊಳ್ಳದ ಸ್ವಂತ ಬುನಾದಿ. ಇದನ್ನ 2010ರ ಸುಮಾರಿಗೇ, ಹಳೇ ಗಿರಾಕಿಗಳು ಇನ್ನೂ ಇದ್ದಾಗಲೇ ಮಾಡಬೇಕಿತ್ತು ಅನ್ನೋದಷ್ಟೇ ನನ್ನ ತಕರಾರು. ಈಗ ಹದಿನೈದು ವರ್ಷ ತಡ.

ಕಾಮೆಂಟಿನಲ್ಲಿ ಬರೋ ಪ್ರಶ್ನೆಗೆ ಮೊದಲೇ ಉತ್ತರ: ಡೈಮ್ಲರ್ ಏನಾಯ್ತು? 2008ರ ಒಪ್ಪಂದದಲ್ಲಿ ಡೈಮ್ಲರ್, ಲ್ಯಾಂಚೆಸ್ಟರ್, ರೋವರ್ ಹೆಸರುಗಳೂ ಟಾಟಾ ಕೈಗೆ ಬಂದವು. ಮೂರರ ಹೆಸರಲ್ಲೂ ಈಗ ಒಂದು ಕಾರೂ ತಯಾರಾಗ್ತಿಲ್ಲ.