ಸತ್ತ್ವಭೇದವೂ ವ್ಯಕ್ತಿತ್ವವಿಕಾರವೂ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯು ಕನ್ನಡ ನಾಡಿನಲ್ಲೆಲ್ಲಾ ಪ್ರಸಿದ್ಧವಾಗಿದೆ. ಕನಕಪುರ ಸೀಮೆಯ ಮರಳವಾಡಿಯಲ್ಲಾಗಲಿ ಬೆಂಗಳೂರಿನ ಪೇಟೆಯಲ್ಲಾಗಲಿ, ಎಲ್ಲರನ್ನೂ ಸಂಶಯಿಸುವವನನ್ನೂ, ಕ್ಷಣದಲ್ಲಿ ಒಲಿದು ಕ್ಷಣದಲ್ಲಿ ಮುನಿಯುವವಳನ್ನೂ, ಯಾರೊಡನೆಯೂ ಬೆರೆಯದ ಒಂಟಿಗನನ್ನೂ ಜನರು ರೋಗಿಗಳೆಂದು ಕರೆಯರು; ಅದು ಅವರ ಗುಣವೆಂದು ಸುಮ್ಮನಾಗುವರು. ಹುಚ್ಚು ಬೇರೆ, ಗುಣ ಬೇರೆ ಎಂಬ ಈ ವಿವೇಚನೆಯು ಲೌಕಿಕರದು ಮಾತ್ರವಲ್ಲ, ಶಾಸ್ತ್ರಸಮ್ಮತವೂ ಆಗಿದೆ.

ಚರಕಸಂಹಿತೆಯು ಉನ್ಮಾದವನ್ನು ನಿದಾನ, ಚಿಕಿತ್ಸಾಸ್ಥಾನಗಳಲ್ಲಿ ನಿರೂಪಿಸುವುದು. ಮನುಷ್ಯರ ಸತ್ತ್ವಭೇದಗಳನ್ನಾದರೋ ಶಾರೀರಸ್ಥಾನದಲ್ಲಿ, ಗರ್ಭೋತ್ಪತ್ತಿಯ ಪ್ರಸಂಗದಲ್ಲಿ ಹೇಳಿದೆ. ಬ್ರಾಹ್ಮ, ಆರ್ಷ ಮೊದಲಾದ ಸಾತ್ತ್ವಿಕಗಳು 7, ಆಸುರ, ರಾಕ್ಷಸ, ಸಾರ್ಪ ಮೊದಲಾದ ರಾಜಸಗಳು 6, ಪಾಶವ, ಮಾತ್ಸ್ಯ, ವಾನಸ್ಪತ್ಯಗಳೆಂಬ ತಾಮಸಗಳು 3, ಒಟ್ಟು 16. ಸಾರ್ಪಸತ್ತ್ವನು ಕೆರಳಿದಾಗ ಶೂರನು, ಉಳಿದಂತೆ ಭೀರುವು. ಈ ಹದಿನಾರನ್ನು ಇಂದಿನ ಪಾಶ್ಚಾತ್ಯ ವರ್ಗಗಳೊಡನೆ ಒಂದಕ್ಕೊಂದು ಸರಿಹೊಂದಿಸುವ ಉತ್ಸಾಹವು ಕೆಲವರಲ್ಲಿ ಕಾಣಬರುತ್ತದೆ. ಅದು ಯುಕ್ತವಲ್ಲ. ಚರಕನು ಇವಕ್ಕೆ ಪ್ರತ್ಯೇಕ ಚಿಕಿತ್ಸೆಯನ್ನು ವಿಧಿಸಿಲ್ಲ. ಇವು ರೋಗಗಳೆಂದರೆ ಬ್ರಾಹ್ಮಸತ್ತ್ವವೂ ರೋಗವಾಗಬೇಕಾದೀತು!

ಯೂರೋಪಿನಲ್ಲಿ ಈ ಎರಡರ ನಡುವಣ ಎಲ್ಲೆಯು ಕದಲಿದುದು ಈಚೆಗೆ. ಬುದ್ಧಿಭ್ರಮೆಯಿಲ್ಲದ ಉನ್ಮಾದವೊಂದುಂಟೆಂದು ಫ್ರಾನ್ಸಿನ ಪಿನೆಲನು 1801ರಲ್ಲಿ ಬರೆದನು. 1835ರಲ್ಲಿ ಇಂಗ್ಲೆಂಡಿನ ಪ್ರಿಚಾರ್ಡನು ಅದಕ್ಕೆ ಸಮೀಪದ ಸ್ಥಿತಿಗಳನ್ನು ನೈತಿಕೋನ್ಮಾದವೆಂದು ಕರೆದನು. ಜರ್ಮನಿಯ ಕುರ್ಟ್ ಷ್ನೈಡರನು 1923ರಲ್ಲಿ ಹತ್ತು ಬಗೆಗಳನ್ನು ಎಣಿಸಿ, ಅವು ರೋಗಗಳಲ್ಲ, ತಾವೂ ನೊಂದು ಅಥವಾ ಸಮಾಜವನ್ನೂ ನೋಯಿಸುವ ಸ್ವಭಾವವೈಪರೀತ್ಯಗಳು ಎಂದನು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವಂತೂ (2022ರಿಂದ ಜಾರಿಯಲ್ಲಿರುವುದು) ಬಗೆಗಳ ಪಟ್ಟಿಯನ್ನೇ ಕೈಬಿಟ್ಟು, ಸೌಮ್ಯ, ಮಧ್ಯಮ, ತೀವ್ರವೆಂಬ ತಾರತಮ್ಯವನ್ನು ಮುಖ್ಯವಾಗಿ ಹಿಡಿದಿದೆ.

ಇದನ್ನು ಕನ್ನಡದಲ್ಲಿ ಏನೆನ್ನಬೇಕು? ‘ವ್ಯಕ್ತಿತ್ವದೋಷ’ವೆಂಬ ಪ್ರಯೋಗವುಂಟು. ವೈದ್ಯನಿಗೆ ದೋಷವೆಂದರೆ ವಾತಪಿತ್ತಕಫಗಳು, ಮನಸ್ಸಿನ ವಿಷಯದಲ್ಲಿ ರಜಸ್ತಮಸ್ಸುಗಳು, ಅಲ್ಲಿ ನಿಂದೆಯಿಲ್ಲ. ಲೋಕದಲ್ಲಿ ಮಾತ್ರ ದೋಷವೆಂದರೆ ತಪ್ಪು. ಆಸ್ಪತ್ರೆಯಿಂದ ಆ ಶಬ್ದವನ್ನು ಹೊತ್ತು ಊರಿಗೆ ಮರಳಿದ ಹೆಣ್ಣುಮಗಳ ಪಾಡೇನಾದೀತು? ‘ವಿಕಾರ’ವೂ ರೂಪಹೀನತೆಯನ್ನು ಸೂಚಿಸಬಲ್ಲದಾದರೂ, ಸಾಮ್ಯವು ಕೆಟ್ಟ ಸ್ಥಿತಿಯೆಂಬ ಶಾಸ್ತ್ರಾರ್ಥದಿಂದ ಅದೇ ಗ್ರಾಹ್ಯ. ಇದು ಬರಿಯ ಶಬ್ದಚರ್ಚೆಯಲ್ಲ. ಊರಿನ ನೀತಿಗೋ ಮತಕ್ಕೋ ಒಬ್ಬನು ಹೊಂದಿಕೊಳ್ಳದಿರುವುದೇ ಮನೋರೋಗಕ್ಕೆ ಆಧಾರವಾಗಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ಹೇಳಬೇಕಾಯಿತು.

ಚಿಕಿತ್ಸೆಯ ವಿಷಯದಲ್ಲಿ ವೈದ್ಯರೂ ಬಹುಕಾಲ ಗಾದೆಯ ಪಕ್ಷದಲ್ಲಿಯೇ ಇದ್ದರು. ಅಮೆರಿಕದ ಮಾರ್ಷಾ ಲೀನೆಹನ್ ಎಂಬ ವಿದುಷಿಯು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆವೇಗವನ್ನು ತಾಳುವ, ಮನಸ್ಸನ್ನು ಸಾಕ್ಷಿಯಂತೆ ನೋಡುವ ಅಭ್ಯಾಸವನ್ನು ಕಲಿತ ಸ್ತ್ರೀಯರು ತಮ್ಮ ದೇಹವನ್ನು ತಾವೇ ಗಾಯಗೊಳಿಸಿಕೊಳ್ಳುವುದು ಕಡಮೆಯಾಯಿತು. ಈ ವಿಧಾನಕ್ಕೆ ಆಕೆ ಜೆನ್ ಬೌದ್ಧರಿಗೂ ಋಣಿ. ವ್ಯಕ್ತಿತ್ವವಿಕಾರಕ್ಕೆಂದೇ ಇರುವ ಔಷಧವಿಲ್ಲ, ಸಂಭಾಷಣೆಯೇ ಮುಖ್ಯೋಪಾಯ. ಅಹಿತವಿಷಯಗಳಿಂದ ಮನಸ್ಸನ್ನು ತಡೆಯುವ ‘ಸತ್ತ್ವಾವಜಯ’ವನ್ನು ಚರಕನು ತ್ರಿವಿಧ ಚಿಕಿತ್ಸೆಗಳಲ್ಲಿ ಒಂದಾಗಿ ಎಣಿಸಿರುವುದನ್ನು ಇಲ್ಲಿ ನೆನೆಯಬಹುದು, ಆದರೆ ಅದರ ಪ್ರಯೋಗಕ್ರಮವನ್ನು ಆತನು ವಿಸ್ತರಿಸಲಿಲ್ಲ.

ಬೆಂಗಳೂರಿನಲ್ಲಿ 1847ರ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. 1954ರ ಅಖಿಲಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಅದು 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಈ ಸಂಸ್ಥೆಯ ವೈದ್ಯರು ಕನಕಪುರ, ಆನೇಕಲ್ಲು, ಮದ್ದೂರುಗಳಿಗೆ ತಾವೇ ಹೋಗಿ ಚಿಕಿತ್ಸಾಶಿಬಿರಗಳನ್ನು ನಡೆಸಿದರು. ಔಷಧವನ್ನು ಶಿಬಿರದಲ್ಲಿ ಕೊಡಬಹುದು. ವಾರವಾರವೂ ವರ್ಷಗಟ್ಟಲೆ ನಡೆಯಬೇಕಾದ ಸಂಭಾಷಣೆಗೆ, ಮರಳವಾಡಿಯ ರೈತನು ಬೆಂಗಳೂರಿಗೇ ಪ್ರಯಾಣ ಮಾಡಬೇಕಾಗುವುದು.